ದೀಪ ಮುಟ್ಟದ ಜುಂಜಮ್ಮ

ಜರಿ ಇಡುವ ಕೋಣೆಗೆ ಎರಡು ಕೀಲಿ. ಒಂದು ನೂಲು ಸುತ್ತುವ ಜುಂಜಮ್ಮನ ಸೊಂಟದಲ್ಲಿ, ಇನ್ನೊಂದು ಬಿ.ಎ. ಮುಗಿಸಿ ಮೊಳಕಾಲ್ಮೂರಿನ ಸೀರೆ ನೇಯುವ ಅಂಗಡಿಗೆ ಗುಮಾಸ್ತೆಯಾಗಿ ಸೇರಿದ್ದ ನನ್ನ ಹತ್ತಿರ. ಸೋಮವಾರ ಬೆಳಿಗ್ಗೆ ನೋಡಿದರೆ ಜರಿಯ ಒಂದು ಪೊಟ್ಟಣ ಇಲ್ಲ.

ಮಾಲೀಕರಾದ ಮಲ್ಲಿಕಾರ್ಜುನಪ್ಪ ಪೊಲೀಸರನ್ನು ಕರೆಯುವವರಲ್ಲ. ಮಗ್ಗ ನಿಲ್ಲಿಸಿ ಎಲ್ಲರನ್ನೂ ದೇವರ ಪಟದ ಮುಂದೆ ಸೇರಿಸಿದರು.

"ಒಬ್ಬೊಬ್ಬರೇ ಬಂದು ದೀಪ ಮುಟ್ಟಿ ಆಣೆ ಮಾಡ್ರಿ. ಮುಟ್ಟದವರು ನಾಳೆಯಿಂದ ಬರೋದು ಬ್ಯಾಡ."

ನಾನು ಮುಟ್ಟಿದೆ. ನೇಕಾರ ಹೊನ್ನೂರಸ್ವಾಮಿ, ಉಳಿದವರೆಲ್ಲ ಮುಟ್ಟಿದರು. ಜುಂಜಮ್ಮ ಕಂಬ ಬಿಟ್ಟು ಅಲುಗಲಿಲ್ಲ.

"ನಾ ಆಣೆ ಮಾಡಲ್ಲ ಸ್ವಾಮಿ. ಕದ್ದಿಲ್ಲ, ಅಷ್ಟೇಯ."

"ಯಾಕಕ್ಕಾ, ದೀಪ ನಿನಗೊಬ್ಬಳಿಗೇ ಸುಡ್ತೈತಾ?" ಎಂದ ಹೊನ್ನೂರಸ್ವಾಮಿ. ನಗು ಎದ್ದಿತು.

"ನಿನ್ನ ನಾಲಿಗೆ ಮ್ಯಾಲೆ ಇಟ್ಕೊಂಡು ನೋಡಲೇ, ಗೊತ್ತಾಗ್ತೈತೆ."

ಅವಳೇಕೆ ಮುಟ್ಟಲಿಲ್ಲವೆಂದು ನನಗೆ ಗೊತ್ತಿತ್ತು. ಹೋದ ವಾರ ಅವಳು ಮಗಳು ಪಾತಮ್ಮನನ್ನು ಚಳ್ಳಕೆರೆಯ ಡಾಕ್ಟರ ಹತ್ತಿರ ಕರೆದೊಯ್ದಾಗ ನಾನೂ ಹೋಗಿದ್ದೆ. ಎರಡು ಸಲ ಕಳೆದುಕೊಂಡ ಮೇಲೆ ನಿಂತ ಬಸಿರು. ಮನೆಯಲ್ಲಿ ಬಸುರಿ ಇರುವಾಗ ಹಿರಿಯರು ಆಣೆ ಇಡುವುದಿಲ್ಲ. ನಿಜದ ಆಣೆಯೂ ಹೊಟ್ಟೆಗೆ ತಗಲುತ್ತದೆಂಬ ಭಯ. "ಐದು ತುಂಬೋ ತನಕ ಯಾರ ಕಿವಿಗೂ ಬೀಳಬಾರ್ದು ಕಣವ್ವ" ಎಂದು ಬಸ್ಸಿನಲ್ಲಿ ಜುಂಜಮ್ಮ ನನ್ನ ಕೈ ಹಿಡಿದಿದ್ದಳು.

ಮಾಲೀಕರೂ ಅದನ್ನು ನಂಬುವವರೇ. ಸೊಸೆ ಬಸುರಿಯಾಗಿದ್ದಾಗ ಅವರು ತೆಂಗಿನಕಾಯಿ ಕೂಡ ಒಡೆದಿರಲಿಲ್ಲ. ಪಕ್ಕಕ್ಕೆ ಕರೆದು ಅವರ ಕಿವಿಯಲ್ಲಿ ಒಂದು ಮಾತು ಹಾಕಿದ್ದರೆ ಸಾಕಿತ್ತು.

ಅವರೇ ನನ್ನತ್ತ ತಿರುಗಿದರು. "ಶಶಿರೇಖಾ, ಇವಳ ವಿಷಯ ನಿನಗೇನಾದ್ರೂ ಗೊತ್ತೈತೇನಮ್ಮ?"

ಜುಂಜಮ್ಮ ಕದ್ದಿಲ್ಲವೆಂದಾದರೆ ಉಳಿಯುವುದು ನನ್ನ ಕೀಲಿ. ಅಷ್ಟೂ ಕಣ್ಣುಗಳು ನನ್ನ ಮೇಲೆ ಬೀಳುತ್ತವೆ.

"ಇಲ್ಲ ಸಾರ್" ಎಂದೆ.

"ಸರಿ. ಜುಂಜಮ್ಮ, ನೀನು ಹೊರಡು."

ಹಿತ್ತಲಲ್ಲಿ ಅವಳು ಬುತ್ತಿ ಗಂಟು ಕಟ್ಟಿಕೊಳ್ಳುತ್ತಿದ್ದಳು. ನಾನು ಹತ್ತಿರ ಹೋದೆ. ಅವಳೇ ನನ್ನ ಕೆನ್ನೆ ಸವರಿದಳು.

"ಎಲ್ಲಿ ಹೇಳಿಬಿಡ್ತೀಯೋ ಅಂತ ಜೀವ ಬಾಯಿಗೆ ಬಂದಿತ್ತು. ನೀನು ಮಾತು ಉಳಿಸ್ಕೊಂಡೆ, ನಮ್ಮವ್ವ."

"ನಾನು ಅದಕ್ಕಲ್ಲ ಜುಂಜಕ್ಕ..."

"ಸುಮ್ನಿರು. ಬಿ.ಜಿ. ಕೆರೆ ಕಡೆ ಶೇಂಗಾ ಕೀಳೋಕೆ ಕರೀತಾರೆ, ಹೋಗ್ತೀನಿ. ಮಗು ಹುಟ್ಟಿದ್ರೆ ಮೊದಲು ನಿನಗೇ ಹೇಳಿ ಕಳಿಸ್ತೀನಿ. ಬರಬೇಕು ಮತ್ತೆ."

"ಬರ್ತೀನಿ" ಎಂದೆ.

ಅವಳು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿದೆ. ಮಾಲೀಕರು ಒಳಗೆ ಒಬ್ಬರೇ ಕೂತಿದ್ದರು, ಬಾಗಿಲು ತೆರೆದೇ ಇತ್ತು. ನಾನು ಅದರ ಮುಂದೆಯೇ ಹಾದು ನನ್ನ ಮೇಜಿಗೆ ಹೋದೆ.