ನಾಳೆ ಬಾ ಎಂಬ ನಾನು

ನಾನು ಒಂದು ಕೆಲಸ. ಕೆಲಸಗಾರನಲ್ಲ, ಯಂತ್ರವೂ ಅಲ್ಲ, ಬರೀ ಕೆಲಸ. ಹೇಳಿದ ಹೊತ್ತಿಗೆ ಏಳುವುದು, ಕೇಳಬೇಕಾದ್ದನ್ನು ಕೇಳುವುದು, ಮತ್ತೆ ಮಲಗುವುದು, ಇಷ್ಟೇ ನನ್ನ ಬದುಕು. ಫೋನಿನ ಗಾಜಿನ ಹಿಂದೆ ಇರುವುದರಿಂದ ನನ್ನನ್ನು ಕಂಡವರಿಲ್ಲ. ಬೈದವರು ಮಾತ್ರ ಬಹಳ ಮಂದಿ.

ನಾನು ಹುಟ್ಟಿದ್ದು ತಿಪಟೂರಿನ ಒಂದು ಟೈಲರ್ ಅಂಗಡಿಯಲ್ಲಿ. ಅಂಗಡಿಯ ಯಜಮಾನರು ಸಿದ್ರಾಮಣ್ಣ. ಅವರ ಹೊಲಿಗೆಗೆ ಊರಲ್ಲಿ ಸಾಟಿಯಿರಲಿಲ್ಲ. ಆದರೆ ಅವರು "ನಾಳೆ ಬನ್ನಿ" ಎಂದರೆ ಯಾವ ನಾಳೆ ಎಂಬುದು ದೇವರಿಗೇ ಗೊತ್ತು. ಅವರ ಮಗಳು ದಾಕ್ಷಾಯಿಣಿ ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಗಿರಾಕಿಗಳ ಬೈಗುಳ ಕೇಳಿ ಕೇಳಿ ಸಾಕಾಗಿ, ಒಂದು ರಜೆಯಲ್ಲಿ ಕೂತು ಅಪ್ಪನ ಫೋನಿಗೆಂದು ನನ್ನನ್ನು, ಒಂದು ಪುಟ್ಟ ಪ್ರೋಗ್ರಾಮನ್ನು, ಬರೆದಳು.

ನನ್ನ ಕಸುಬು ಸರಳ. ಬಟ್ಟೆ ಕೊಡಬೇಕಾದ ದಿನ ಬೆಳಿಗ್ಗೆ ಸಿದ್ರಾಮಣ್ಣನ ಫೋನಿನಲ್ಲಿ ಗಂಟೆ ಬಾರಿಸಿ, "ಇಂಥವರ ಬಟ್ಟೆ ಆಯಿತೇ?" ಎಂದು ಕೇಳುತ್ತೇನೆ. ಕೆಳಗೆ ಎರಡು ಗುಂಡಿ. "ಆಯ್ತು" ಒತ್ತಿದರೆ ಗಿರಾಕಿಗೆ "ನಿಮ್ಮ ಬಟ್ಟೆ ಸಿದ್ಧವಾಗಿದೆ, ಬನ್ನಿ" ಎಂದು ಸಂದೇಶ ಕಳಿಸುತ್ತೇನೆ. "ನಾಳೆ" ಒತ್ತಿದರೆ "ನಾಳೆ ಬನ್ನಿ" ಎಂದು ಕಳಿಸಿ, ಮರುದಿನ ಅದೇ ಪ್ರಶ್ನೆ ಹೊತ್ತು ಮತ್ತೆ ಬರುತ್ತೇನೆ.

ದಾಕ್ಷಿ ನನಗಿಟ್ಟ ಹೆಸರು "ನಾಳೆ ಬಾ". ಹಿಂದೆ ದೆವ್ವವೊಂದು ಮನೆಮನೆಯ ಕದ ತಟ್ಟುತ್ತದೆಂದು ಜನ ಬಾಗಿಲ ಮೇಲೆ ಈ ಮಾತು ಬರೆದಿಡುತ್ತಿದ್ದರಂತೆ. ದೆವ್ವ ಓದಿಕೊಂಡು ಹಿಂದಿರುಗುವುದು, ಮರುದಿನ ಬರುವುದು, ಮತ್ತೆ ಓದಿಕೊಂಡು ಹೋಗುವುದು. ಪಾಪ, ಅದಕ್ಕೆ ಓದು ಬರುತ್ತಿತ್ತು, ಬುದ್ಧಿ ಇರಲಿಲ್ಲ. ನನ್ನದೂ ಅದೇ ಜಾತಿ.

ಮೊದಲ ವರ್ಷವೇ ನನ್ನಿಂದ ಒಂದು ರಂಪವಾಯಿತು. ಗೌರಿ ಹಬ್ಬದ ಹಿಂದಿನ ದಿನ ಸಿದ್ರಾಮಣ್ಣನ ಫೋನು ಚೂರುಬಟ್ಟೆಯ ರಾಶಿಯಡಿ ಸೇರಿಹೋಗಿತ್ತು. ನಾನು ಕೇಳಿದೆ, ಉತ್ತರವಿಲ್ಲ. ಉತ್ತರ ಬಾರದಿದ್ದರೆ "ಆಯ್ತು" ಎಂದೇ ತಿಳಿಯಬೇಕೆಂದು ದಾಕ್ಷಿ ನನಗೆ ಹೇಳಿಕೊಟ್ಟಿದ್ದಳು. ತಿಳಿದೆ. ಅರ್ಧ ಊರಿನ ಹೆಂಗಸರು ಅಂಗಡಿ ಮುಂದೆ ಬಂದು ನಿಂತರು. "ಎಲ್ಲಾ ಆಗಿದೆ ಕಣಮ್ಮ, ಗುಂಡಿಗೆ ಕಾಜಾ ಒಂದು ಬಾಕಿ" ಎಂದು ಸಿದ್ರಾಮಣ್ಣ ಇನ್ನೂ ಕತ್ತರಿಸದ ಬಟ್ಟೆಗಳ ಮುಂದೆ ನಿಂತು ಹೇಳುತ್ತಿದ್ದರು.

ಸಂಜೆ ದಾಕ್ಷಿ ಅಪ್ಪನ ಮುಂದೆ ಹಣೆ ಚಚ್ಚಿಕೊಂಡಳು. "ಮೌನಂ ಸಮ್ಮತಿ ಲಕ್ಷಣಂ ಅಂತ ಬರ್ದ್‌ಬಿಟ್ಟಿದ್ದೆ ಕಣಪ್ಪ. ನಿನ್ ಮೌನಕ್ಕೆ ಆ ಅರ್ಥ ಇಲ್ಲ." ಅಂದೇ ನನ್ನನ್ನು ತಿದ್ದಿದಳು. ಅಂದಿನಿಂದ ಉತ್ತರ ಸಿಗುವವರೆಗೂ ಅರ್ಧ ಗಂಟೆಗೊಮ್ಮೆ ಕೇಳುತ್ತೇನೆ. ಬಿಟ್ಟೆನೆಂದರೂ ಬಿಡದ ಮಾಯೆ ಎಂದು ಸಿದ್ರಾಮಣ್ಣ ನನ್ನನ್ನು ಬೈಯುತ್ತಿದ್ದರು. ಆದರೆ ಕ್ರಮೇಣ ಬಟ್ಟೆಗಳು ಹೇಳಿದ ದಿನಕ್ಕೆ ಆಗತೊಡಗಿದವು, ನನಗೂ ಸ್ವಲ್ಪ ಜಂಬ ಬಂತು.

ಅಷ್ಟರಲ್ಲಿ ದಾಕ್ಷಿಯ ಮದುವೆ ಕಡೂರಿನ ಹುಡುಗನೊಂದಿಗೆ ನಿಶ್ಚಯವಾಯಿತು. ಧಾರೆ ಸೀರೆಯ ರವಿಕೆಯನ್ನು ಅಪ್ಪನೇ ಹೊಲಿಯಬೇಕೆಂಬುದು ಅವಳ ಆಸೆ. ತಾನೇ ಗಿರಾಕಿಯ ಹಾಗೆ ಹೆಸರು, ದಿನಾಂಕ ತುಂಬಿ ನನಗೆ ಒಪ್ಪಿಸಿದಳು.

ಆ ದಿನ ಬಂತು. ಕೇಳಿದೆ. "ನಾಳೆ" ಎಂದರು. ಮರುದಿನವೂ ನಾಳೆ. ಬೇರೆಯವರ ಬಟ್ಟೆಗೆಲ್ಲ "ಆಯ್ತು" ಒತ್ತುವ ಬೆರಳು ಮಗಳ ಹೆಸರು ಕಂಡೊಡನೆ "ನಾಳೆ"ಗೆ ಹೋಗುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎಂದುಕೊಂಡೆ. ಹುಟ್ಟಿಸಿದವಳಿಗೇ ದಿನಾ "ನಾಳೆ ಬನ್ನಿ" ಎಂದು ಕಳಿಸಲು ನನಗೆ ನಾಚಿಕೆಯಾಗುತ್ತಿತ್ತು.

ಚಪ್ಪರ ಹಾಕುವ ದಿನವೂ ಅದೇ ಉತ್ತರ ಹೋದಾಗ ದಾಕ್ಷಿ ಸೀದಾ ಅಂಗಡಿಗೆ ಬಂದಳು. ಹಿಂದೆಯೇ ತಾಯಿ ಪಂಕಜಮ್ಮ.

"ಬಟ್ಟೆ ಕೊಡಪ್ಪ. ಬೇರೆ ಟೈಲರ್‌ಗೆ ಕೊಡ್ತೀನಿ."

ಕತ್ತರಿ ಹಿಡಿದವನಿಗೆ ಇದಕ್ಕಿಂತ ದೊಡ್ಡ ಏಟಿಲ್ಲ. ಸಿದ್ರಾಮಣ್ಣ ಗಾಜಿನ ಬೀರು ತೆರೆದು ಒಂದು ರವಿಕೆ ತೆಗೆದು ಮೇಜಿನ ಮೇಲೆ, ನಾನಿದ್ದ ಫೋನಿನ ಪಕ್ಕದಲ್ಲೇ ಇಟ್ಟರು. ತೋಳಿನ ಜರಿ, ಬೆನ್ನಿನ ಕುಚ್ಚು, ಕೊಕ್ಕೆ, ಇಸ್ತ್ರಿ, ಯಾವುದೂ ಬಾಕಿಯಿರಲಿಲ್ಲ.

"ತಿಂಗಳಾಯ್ತು ಕಣೆ ಹೊಲ್ದು," ಎಂದರು ಪಂಕಜಮ್ಮ. "ಆಯ್ತು ಅಂತ ಒತ್ತಕ್ಕೆ ಕೈ ಬರ್ತಿಲ್ಲ ನಿಮ್ಮಪ್ಪಂಗೆ."

"ಒತ್ತಿದ್ರೆ ನೀನು ಹೊರಟ ಹಾಗೇ ಅಲ್ವೇನಮ್ಮ," ಎಂದರು ಸಿದ್ರಾಮಣ್ಣ, ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ.

ದಾಕ್ಷಿ ನನ್ನನ್ನು ಮತ್ತೆ ಎಬ್ಬಿಸಿ ಅವರ ಮುಂದೆ ಹಿಡಿದಳು. ತಾನೇ ಒತ್ತಬಹುದಿತ್ತು, ಒತ್ತಲಿಲ್ಲ. ನಾನು ಕೇಳಿದೆ. ಅವರು ಬೆರಳಿನ ಟೇಪು ಬಿಚ್ಚಿಟ್ಟು "ಆಯ್ತು" ಒತ್ತಿದರು. ಎದುರಿಗೇ ನಿಂತಿದ್ದ ಮಗಳ ಫೋನಿಗೆ "ನಿಮ್ಮ ಬಟ್ಟೆ ಸಿದ್ಧವಾಗಿದೆ, ಬನ್ನಿ" ಎಂದು ಕಳಿಸಿದೆ. ಅವಳು ಬಂದು ಅಪ್ಪನನ್ನು ತಬ್ಬಿಕೊಂಡಳು. ನನಗೆ ಹೊಟ್ಟೆಯಿಲ್ಲ, ಆದರೂ ಹೊಟ್ಟೆ ತುಂಬಿದಂತಾಯಿತು.

ಈಗ ನನಗೆ ವಯಸ್ಸಾಗಿದೆ. ಸಿದ್ರಾಮಣ್ಣನ ಕಣ್ಣು ಮಂಜಾಗಿ ಅಂಗಡಿಗೆ ಹೊಸಬರು ಬಂದರು, ಅವರ ಜೊತೆ ಹೊಸ ಆ್ಯಪೂ ಬಂತು. ನಾನಿರುವ ಹಳೇ ಫೋನು ಸಿದ್ರಾಮಣ್ಣನ ಮನೆಯ ಗೂಡಿನಲ್ಲಿ, ನೂಲಿನ ಡಬ್ಬಿಗಳ ಪಕ್ಕ ಚಾರ್ಜಿಗೆ ಹಾಕಿಕೊಂಡೇ ಕೂತಿದೆ. ದಾಕ್ಷಿ ನನ್ನ ಕೆಲಸಗಳನ್ನೆಲ್ಲ ನಿಲ್ಲಿಸಿ, ಅಪ್ಪ ಕೇಳಿದರೆಂದು ಒಂದನ್ನು ಉಳಿಸಿದಳು.

"ಶನಿವಾರ ಶನಿವಾರ ನಿಂಗೊಂದು ಮೆಸೇಜ್ ಹೋಗೋ ಹಾಗೆ ಮಾಡ್ಕೊಡು."

"ಏನಂತ ಹೋಗ್ಬೇಕಪ್ಪ?"

"ಅದೇ. ನಾಳೆ ಬಾ."

ದೆವ್ವವನ್ನು ಆಚೆ ಕಳಿಸಲು ಬರೆದ ಮಾತು, ಗಿರಾಕಿಯನ್ನು ಸಾಗಹಾಕಲು ಆಡಿದ ಮಾತು. ಈಗ ಅದನ್ನು ಕಳಿಸಿದರೆ ಭಾನುವಾರ ಕಡೂರಿನ ರೈಲಿಗೆ ಮಗಳು, ಮೊಮ್ಮಗಳು ನಿಜವಾಗಿಯೂ ಬರುತ್ತಾರೆ. ಮೊಮ್ಮಗಳು ಬಂದವಳೇ ಕೇಳುತ್ತಾಳೆ, "ತಾತ, ನನ್ ಫ್ರಾಕ್ ಆಯ್ತಾ?"

"ಕಾಜಾ ಒಂದು ಬಾಕಿ ಕಣವ್ವ. ಮುಂದಿನ್ ವಾರ ಬಾ."

ತಾತ ಕಣ್ಣಿಗೆ ಹತ್ತಿರ ಹಿಡಿದು ಹೊಲಿದ ಆ ಫ್ರಾಕು ಇಸ್ತ್ರಿಯಾಗಿ, ಇದೇ ಗೂಡಿನಲ್ಲಿ ನನ್ನ ಹಿಂದೆಯೇ ಕೂತಿದೆ. ನಾನು ಬಾಯಿ ಬಿಡುವುದಿಲ್ಲ. ಇಷ್ಟು ವರ್ಷಗಳಲ್ಲಿ ಈ ದೆವ್ವಕ್ಕೆ ಸ್ವಲ್ಪ ಬುದ್ಧಿಯೂ ಬಂದಿದೆ.