ಎರಡು ಬೆರಳಿನ ಎತ್ತರ

ನನಗೆ ಎತ್ತರದ ಕುದುರೆಗಳ ಹುಚ್ಚು. ಚಳ್ಳಕೆರೆಯಲ್ಲಿ ಲಾರಿ ರಿಪೇರಿ ಮಾಡುವ ಮುಬಷೀರನಿಗೆ ಇದೊಂದು ಬೇರೆ ಕೇಡು ಎಂದು ನನ್ನ ಹೆಂಡತಿ ಕೌಸರ್ ಹೇಳದ ದಿನವಿಲ್ಲ. ಬಣ್ಣ, ಸುಳಿ, ಓಟ ಯಾವುದೂ ನನಗೆ ಬೇಡ. ಪಕ್ಕದಲ್ಲಿ ನಿಂತರೆ ಕುದುರೆಯ ಹೆಗಲು ನನ್ನ ಕಣ್ಣನ್ನು ದಾಟಬೇಕು. ನಾನೇನು ಕುಳ್ಳನಲ್ಲ, ಹಾಗಾಗಿ ಅಂಥದ್ದು ನಮ್ಮ ಕಡೆ ಸಿಗುವುದು ಅಷ್ಟರಲ್ಲೇ ಇತ್ತು.

ಸಿಕ್ಕಿತು, ಉಳ್ಳಾರ್ತಿ ಕಾವಲಿನ ಪಕ್ಕದ ಹಟ್ಟಿಯಲ್ಲಿ ಕುರಿ ಕಾಯುವ ದೊಡ್ಡೀರಪ್ಪನ ಬಳಿ. ಕುರಿಗಾರರ ಕುದುರೆಗಳು ಸಾಮಾನ್ಯವಾಗಿ ಗಿಡ್ಡ. ಅವನ ಚೆಲುವಿ ಮಾತ್ರ ಯಾರ ಮಾತೂ ಕೇಳದವಳಂತೆ ಬೆಳೆದುಬಿಟ್ಟಿದ್ದಳು. ಕಾವಲಿನ ಹುಲ್ಲುಬಯಲಿಗೆ ಬೇಲಿ ಬಿದ್ದ ಮೇಲೆ ಅಷ್ಟು ದೊಡ್ಡ ಪ್ರಾಣಿಗೆ ಮೇವು ಸಾಲದೆ, ಮುದುಕ ಅವಳ ಮರಿಯನ್ನು ತಾನಿಟ್ಟುಕೊಂಡು ಅವಳನ್ನು ನನಗೆ ಕೊಟ್ಟ. ಆಮೇಲೂ ಪ್ರತಿ ಸಂತೆಗೆ ಒಂದು ಗಂಟು ಹುರುಳಿ ತಂದು ನನ್ನ ಕೈಗಿಡುತ್ತಿದ್ದ.

"ನೀವೇ ತಿನ್ನಿಸ್ರಿ ಸಾಬ್ರೆ. ಈಗ ನಿಮ್ಮ ಮಗಳು ಅವಳು."

ಮದುವೆ ಮೆರವಣಿಗೆಗಳಿಗೆ ಚೆಲುವಿಯನ್ನು ಕರೆದೊಯ್ಯುತ್ತಿದ್ದೆ. ಮೊಳಕಾಲ್ಮೂರಿನಲ್ಲಿ ಅಣ್ಣತಮ್ಮಂದಿರ ಜೋಡಿ ಮದುವೆ ಬಂತು. ತಮ್ಮನಿಗೆ ನಮ್ಮ ಚೆಲುವಿ, ಅಣ್ಣನಿಗೆ ರಾಯದುರ್ಗದ ಹುಲಿಯಪ್ಪನ ಕುದುರೆ. ಅದು ನಮ್ಮವಳಿಗಿಂತ ಒಂದು ಬೆರಳು ಎತ್ತರವಂತೆ. ಕೇಳಿದ ದಿನದಿಂದ ನನಗೆ ಅನ್ನ ಸೇರಲಿಲ್ಲ.

ಲಾರಿಯ ಹಿಂಭಾಗ ಕುಸಿದರೆ ನಾವು ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು ಸೇರಿಸಿ ಎತ್ತುತ್ತೇವೆ. ಕೈ ಅದನ್ನೇ ಯೋಚಿಸಿತು. ಹಳೆಯ ಪ್ಲೇಟು ಕತ್ತರಿಸಿ, ಪದರದ ಮೇಲೆ ಪದರ ವೆಲ್ಡ್ ಮಾಡಿ, ಎರಡು ಬೆರಳು ದಪ್ಪದ ನಾಲ್ಕು ಲಾಳ ಮಾಡಿದೆ. ಲಾಳ ಕಟ್ಟುವ ಯತ್ತಪ್ಪ ಅವನ್ನು ನೋಡಿ, "ಇದು ಲಾರಿ ಅಲ್ಲ ಕಣಲೇ" ಎಂದು ಎದ್ದು ಹೋದ. ಚೆಲುವಿಯ ಗೊರಸಿಗೆ ಅವನ್ನು ನಾನೇ ಹೊಡೆದೆ.

ಮೆರವಣಿಗೆಯಲ್ಲಿ ಚೆಲುವಿ ರಾಯದುರ್ಗದ ಕುದುರೆಯನ್ನು ಮೀರಿಸಿದಳು. ಹೆಜ್ಜೆಯನ್ನು ಎತ್ತಿ ಎತ್ತಿ ಇಡುತ್ತಿದ್ದಳು. ಅದು ನೋವು, ಜನ ಕುಣಿತ ಎಂದುಕೊಂಡರು. ನನಗೆ ಗೊತ್ತಾಗಿತ್ತು, ಗೊತ್ತಾಗಿಯೂ ಕೊನೆಯವರೆಗೆ ನಡೆಸಿದೆ. ಮಾರನೆಯ ಬೆಳಿಗ್ಗೆ ಅವಳ ಬಲ ಮುಂಗಾಲು ಊದಿಕೊಂಡು ನೆಲಕ್ಕೆ ತಾಗುತ್ತಿರಲಿಲ್ಲ. ನರ ಹರಿದಿದೆ, ಇನ್ನು ಯಾರನ್ನೂ ಹೊರುವುದಿಲ್ಲ ಎಂದರು ಡಾಕ್ಟರು. ಲಾಳ ಕಿತ್ತು ಗ್ಯಾರೇಜಿನ ಗುಜರಿ ಡ್ರಮ್ಮಿಗೆ ಎಸೆದೆ.

ಸಂತೆಯ ದಿನ ದೊಡ್ಡೀರಪ್ಪ ಮುಖವೆಲ್ಲ ನಗುವಾಗಿ ಬಂದ. ಮೆರವಣಿಗೆಯ ವಿಡಿಯೋ ಅವನ ಮೊಮ್ಮಗಳು ಸ್ವಪ್ನಳ ಫೋನಿಗೂ ಹೋಗಿತ್ತು.

"ಬೆಳೆದಾಳಲ್ರೀ ಸಾಬ್ರೆ. ಹಟ್ಟಿಗೆಲ್ಲ ತೋರಿಸ್ದೆ. ನಿಮ್ಮ ಕೈಗುಣ."

ಆಮೇಲೆ ಗ್ಯಾರೇಜಿನಲ್ಲಿ ಕಟ್ಟಿದ್ದ ಚೆಲುವಿಯ ಕಾಲು ನೋಡಿದ. ಕೂತು, ಬೆರಳಿಂದ ಮೆಲ್ಲಗೆ ತಡವಿದ. "ಈ ಕಾಲೇ," ಎಂದ. "ಇವಳು ಮರಿಯಾಗಿದ್ದಾಗ ದೂರ ಹೋಗ್ದಂಗೆ ಕೊರಳಿಗೂ ಈ ಕಾಲಿಗೂ ಹಗ್ಗ ಬಿಗೀತಿದ್ದೆ. ಆವಾಗಿಂದು ಈಗ ಬಂದೈತೆ. ನಾನೇ ಕೆಡಿಸ್ದೆ."

ಡ್ರಮ್ಮು ಮೂರು ಮಾರು ದೂರದಲ್ಲಿತ್ತು. ನಾನು ಅದಕ್ಕೆ ಅಡ್ಡವಾಗಿ ನಿಂತೆ. ಮುಂದಿನ ಸಂತೆಗೂ ಅವನು ಬಂದು ಹರಳೆಣ್ಣೆ ತಿಕ್ಕಿ, "ತಪ್ಪಾತು ಕಣವ್ವ" ಎಂದು ಅವಳ ಕಾಲು ಮುಟ್ಟಿದ. ನಾಚಿಕೆಯಿಂದ ಸಾಯುವಂತಾಯಿತು. ಆದರೂ ಚಹಾ ತರಿಸಿ ಕೊಟ್ಟೆನೇ ಹೊರತು ನಿಜ ಹೇಳಲಿಲ್ಲ.

ಮೂರನೆಯ ಸಂತೆಗೆ ಅವನ ಕೈಯಲ್ಲಿ ಹುರುಳಿಯ ಜೊತೆ ಆ ಹಗ್ಗವೂ ಇತ್ತು. ಅದನ್ನು ನನ್ನ ಡ್ರಮ್ಮಿಗೇ ಹಾಕಿದ.

"ಇವಳ ಮರಿಗೂ ಇದನ್ನೇ ಕಟ್ತಿದ್ದೆ, ಬಿಟ್ಬಿಟ್ಟೆ. ಅದರ ಕಾಲಾದ್ರೂ ಉಳೀಲಿ. ನಿನ್ನೆ ಹೈವೇ ತನಕ ಹೋಗಿತ್ತು."

ಹೈವೇ ಲಾರಿಗಳ ಬಂಪರುಗಳನ್ನು ತೊಳೆದವನು ನಾನು. ಏನೇನು ಅಂಟಿಕೊಂಡು ಬರುತ್ತದೆ ಎಂದು ನನಗೆ ಗೊತ್ತು. ಡ್ರಮ್ಮಿಗೆ ಕೈ ಹಾಕಿ ಒಂದು ಲಾಳ ತೆಗೆದು ಅವನ ಅಂಗೈಯಲ್ಲಿಟ್ಟೆ. ನಿಮ್ಮ ಹಗ್ಗ ಏನೂ ಮಾಡಿಲ್ಲ, ಇದನ್ನು ನಾನೇ ಮಾಡಿ ನಾನೇ ಹೊಡೆದೆ ಎಂದು ತಲೆ ಎತ್ತದೆ ಹೇಳಿ ಮುಗಿಸಿದೆ.

ಬಯ್ಯಲಿ, ಅದರಲ್ಲೇ ಹೊಡೆಯಲಿ ಎಂದು ಕಾದೆ. ಅವನು ಲಾಳದ ದಪ್ಪಕ್ಕೆ ತನ್ನ ಎರಡು ಬೆರಳು ಹಿಡಿದು ನೋಡಿದ.

"ಹಂಗಾರೆ ಬೆಳೆದಿರ್ಲಿಲ್ಲ," ಎಂದ.

"ಇಲ್ಲ."

"ಹಟ್ಟಿಗೆಲ್ಲ ತೋರಿಸಿದ್ನಲ್ಲೋ."

ಲಾಳ ಕೆಳಗಿಟ್ಟು, ಡ್ರಮ್ಮಿನಿಂದ ಹಗ್ಗ ತೆಗೆದು ಹೆಗಲಿಗೆ ಹಾಕಿಕೊಂಡ. ಮರಿ ಕಟ್ಟಬೇಕು, ಹೋಗ್ತೀನಿ ಎಂದ. ಅಭ್ಯಾಸದಂತೆ ನಾನು ಕೈ ಚಾಚಿದೆ. ಅವನು ಹುರುಳಿ ಗಂಟನ್ನು ತಾನೇ ಬಿಚ್ಚಿ, ಚೆಲುವಿಯ ಮುಂದೆ ಕೂತು, ಒಂದೊಂದೇ ಹಿಡಿ ತಿನ್ನಿಸಿದ.