ಟೆಕ್ನಿಕಲ್ ಗ್ಲೂಕೋಸ್

ಪಂಕಜಾ ಲ್ಯಾಬಿನ ಬಾಟಲಿಯನ್ನು ತಿರುಗಿಸಿ ಲೇಬಲ್ ಓದಿದಳು. ಗ್ಲೂಕೋಸ್ ಎಂಬುದರ ಕೆಳಗೆ ಸಣ್ಣಕ್ಷರದಲ್ಲಿ ‘ಟೆಕ್ನಿಕಲ್’ ಎಂದಿತ್ತು. ರಕ್ತದ ಸಕ್ಕರೆ ಅಳೆಯುವಾಗ ಹೋಲಿಸಿ ನೋಡುವ ಮಾದರಿ ದ್ರಾವಣಕ್ಕೆ ಬೇಕಾದದ್ದು ಅತಿ ಶುದ್ಧವಾದ ಅನಲಿಟಿಕಲ್ ದರ್ಜೆಯದು. ಇದು ಮಿಠಾಯಿ ಕಾರ್ಖಾನೆಯ ಮಾಲು. ಅಶುದ್ಧ ಪುಡಿಯಿಂದ ಮಾದರಿಯೇ ತೆಳುವಾದರೆ ರೋಗಿಯ ರಕ್ತದಲ್ಲಿ ಇಲ್ಲದ ಸಕ್ಕರೆಯೂ ಇದೆಯೆಂದು ಕಾಣುತ್ತದೆ.

ನಿನ್ನೆ ಅದನ್ನು ಕರಗಿಸಿದವಳು ಅವಳೇ. ಅದನ್ನೇ ನಂಬಿ ಎರಡು ರಿಪೋರ್ಟು ಬರೆದಿದ್ದಳು. ಒಂದು ಇನ್ನೂ ಮೇಜಿನ ಮೇಲಿತ್ತು. ಇನ್ನೊಂದನ್ನು ಪೂವಪ್ಪನೆಂಬ ಹೋಟೆಲಿನ ಅಡುಗೆಯವನು ಸಂಜೆಯೇ ಒಯ್ದಿದ್ದ.

ಹಿರಿಯ ಕೆಮಿಸ್ಟ್ ತಿರುಮಲೇಶ ಅವಳು ತೋರಿಸಿದ ಬಾಟಲಿ ನೋಡಿ ಬಾಗಿಲು ಮುಂದೆ ಮಾಡಿದ. "ಹೊಸದಾಗಿ ಮಾಡಿ, ಸುಮ್ನಿರಿ. ಹೇಳಿದ್ರೆ ನಿಮ್ಮ ಕೆಲಸ ಹೋಗುತ್ತೆ. ಎರಡು ಬಾಟಲಿ ಒಟ್ಟಿಗಿಟ್ಟವನು ನಾನು, ನನ್ನದೂ ಹೋಗುತ್ತೆ."

"ಆ ಪೂವಪ್ಪ ಇನ್ಸುಲಿನ್ ತಗೋತಾನೆ ಸಾರ್."

ಪಂಕಜಾ ಚಪ್ಪಲಿ ಮೆಟ್ಟಿ ಹೊರಟಳು.

ಫೋರ್ಟ್ ಬಡಾವಣೆಯಲ್ಲಿ ಪೂವಪ್ಪನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದಿದ್ದ ಅಣ್ಣು, "ಅವ ಇವತ್ತು ಬರ್ಲಿಲ್ಲ ಮಾರಾಯ್ರೆ" ಎಂದು ಅವನ ಕೋಣೆಯಿರುವ ವಡಾಲದ ಚಾಳಿನ ಗುರುತು ಹೇಳಿದ. ಲೋಕಲ್ ರೈಲು ಒಂದೊಂದು ಸ್ಟೇಷನ್ನಿನಲ್ಲೂ ನಿಂತೇಬಿಟ್ಟಿತೇನೋ ಎನಿಸುತ್ತಿತ್ತು.

ಬಾಗಿಲು ತೆರೆದವಳು ಪೂವಪ್ಪನ ಹೆಂಡತಿ ಶೀಲಾವತಿ. "ಹೋಟೆಲಿನಿಂದ ಬಂದ್ರಾ? ಮೆಲ್ಲ ಮಾತಾಡಿ. ಡಾಕ್ಟ್ರು ರಿಪೋರ್ಟ್ ನೋಡಿ ಇಂಜೆಕ್ಷನ್ ಡಬಲ್ ಮಾಡಿದ್ದಾರೆ. ಬೆಳಿಗ್ಗೆ ತಗೊಂಡು, ಗಂಜಿಯೂ ಬೇಡ ಅಂತ ಮಲಗಿದ್ದು. ಒಳ್ಳೆ ನಿದ್ರೆ."

ಪಂಕಜಾ ಒಳಗೆ ಹೋಗಿ ನೋಡಿದಳು; ಅದು ನಿದ್ರೆಯಾಗಿರಲಿಲ್ಲ. ಚಾಪೆಯೂ ಬೆವರಿನಿಂದ ನೆನೆದಿತ್ತು. ಅರೆತೆರೆದ ಕಣ್ಣುಗಳು ಯಾರನ್ನೂ ನೋಡುತ್ತಿರಲಿಲ್ಲ.

"ಸಕ್ಕರೆ ಕೊಡಿ, ಬೇಗ!"

"ಸಕ್ಕರೆಯಾ? ಇವರಿಗದು ವಿಷ ಅಲ್ವಾ? ನೀವ್ಯಾರು?"

"ರಿಪೋರ್ಟ್ ಬರೆದವಳು. ಅದು ತಪ್ಪು. ಕೊಡದಿದ್ರೆ ಇವರು ಉಳಿಯೋಲ್ಲ."

ಡಬ್ಬಿಯನ್ನು ಎದೆಗವಚಿಕೊಂಡು ಶೀಲಾವತಿ ಗಂಡನನ್ನೂ ಈ ಅಪರಿಚಿತಳನ್ನೂ ನೋಡಿದಳು. ಕೊನೆಗೆ ಮುಚ್ಚಳ ತೆಗೆದಳು.

ಪಂಕಜಾ ಒದ್ದೆ ಬೆರಳಿನಿಂದ ಅವನ ಒಸಡಿಗೆ ಸಕ್ಕರೆ ತಿಕ್ಕಿದಳು. ಮತ್ತೆ ತಿಕ್ಕಿದಳು. ಏನೂ ಆಗಲಿಲ್ಲ. ಪಕ್ಕದ ಕೋಣೆಯವರು ಬಂದು ಬಾಗಿಲಲ್ಲಿ ನಿಂತರು. ಎಷ್ಟೋ ಹೊತ್ತಿನ ಮೇಲೆ ಅವನ ನಾಲಗೆ ಅಲುಗಿ ಬೆರಳಿಗೆ ತಾಗಿತು.

"ನೀರು," ಎಂದ ಪೂವಪ್ಪ. ಸಕ್ಕರೆ ನೀರು ಕುಡಿಸಿದರು.

ಪಂಕಜಾ ರಿಪೋರ್ಟನ್ನು ಕೇಳಿ ತೆಗೆದುಕೊಂಡಳು. ಅಂಕಿಯನ್ನು ಹೊಡೆದುಹಾಕಿ, ಕೆಳಗೆ ಕಾರಣ ಬರೆದು, ಪೂರ್ತಿ ಹೆಸರಿನ ಸಹಿ ಹಾಕಿದಳು. "ಡಾಕ್ಟರನ್ನ ಈಗಲೇ ಕರೆಸಿ. ಇದನ್ನ ತೋರಿಸಿ. ತಪ್ಪು ನನ್ನದು."

ಶೀಲಾವತಿ ಅದನ್ನು ಪಕ್ಕದ ಕೋಣೆಯವರ ಕೈಗಿತ್ತು ಡಾಕ್ಟರಲ್ಲಿಗೆ ಓಡಿಸಿದಳು. ಗಂಡನ ಪಕ್ಕ ಕುಳಿತು, ಅವನ ಗಲ್ಲಕ್ಕೂ ಎದೆಗೂ ಅಂಟಿದ್ದ ಸಕ್ಕರೆಯ ಹರಳುಗಳನ್ನು ಸೆರಗಿನ ತುದಿಯಿಂದ ಮೆಲ್ಲಗೆ ಒರೆಸತೊಡಗಿದಳು.